ಅಧ್ಯಕ್ಷರ ಮೊಮ್ಮಗಳ ಎತ್ತರ

ನಮ್ಮೂರ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಫ್ಯಾನ್ ಇಲ್ಲ. ಹಿಂದೆ ಇತ್ತು, ತೆಗೆಸಿದರು. ಕಿಟಕಿಗಳಿಗೆಲ್ಲ ಬಲೆ ಬಿಗಿದಿದೆ, ಛಾವಣಿಗೆ ಹತ್ತಿಯ ಮೆತ್ತೆ ಹೊಡೆದಿದೆ. ಹೊಸದಾಗಿ ಕೆಲಸಕ್ಕೆ ಬರುವ ನರ್ಸುಗಳಿಗೆ ನಾನು ಮೊದಲು ಹೇಳಿಕೊಡುವುದು ಗಂಟು ಹಾಕುವುದನ್ನು. ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಕೂಸಿನ ಕಾಲಿಗೆ, ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಬೇಕು. ಇನ್ನೊಂದು ತುದಿಯನ್ನು ತಾಯಿಯ ಮಂಚಕ್ಕೆ. ಉಳಿದ ಪಾಠ ಆಮೇಲೆ: ಹುಟ್ಟಿದ ಕೂಡಲೇ ಬೆಚ್ಚನೆಯ ಬಟ್ಟೆಯಲ್ಲಿ ಒರೆಸಿ, ತಲೆಗೆ ಕುಲಾವಿ ಹಾಕಿ, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಮೇಲೊಂದು ಹೊದಿಕೆ ಹೊದಿಸಿ ಹಾಲು ಹಿಡಿಸುವುದು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಶಿನ ಏನನ್ನೂ ಹಚ್ಚದೆ ತಾನಾಗಿ ಒಣಗಲು ಬಿಡುವುದು. ಸ್ನಾನಕ್ಕೆ ಅವಸರ ಮಾಡದಿರುವುದು. ಆರೋಗ್ಯವಾಗಿರುವ ಕೂಸಿಗೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಇದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಲು ನಮ್ಮೂರಿನವರು ಸದಾ ತಯಾರು.

ನಮ್ಮೂರಿನ ಕೂಸುಗಳು ಹುಟ್ಟಿದ ಮೇಲೆ ಮೇಲಕ್ಕೆ ಹೋಗುತ್ತವೆ. ಕೆಲವು ಮೊಳದೆತ್ತರ, ಕೆಲವು ಆಳೆತ್ತರ, ಅಪರೂಪಕ್ಕೊಂದು ಛಾವಣಿಯವರೆಗೆ. ಹಾಲು ಕುಡಿದಂತೆಲ್ಲ ಇಳಿಯುತ್ತವೆ, ಹಸಿದಂತೆಲ್ಲ ಏರುತ್ತವೆ. ಹೊಟ್ಟೆ ತುಂಬ ಕುಡಿದ ಕೂಸು ಹೊಕ್ಕುಳಬಳ್ಳಿ ಉದುರುವ ಹೊತ್ತಿಗೆ ತಾಯಿಯ ಮಡಿಲಲ್ಲಿ ನೆಲೆಯಾಗುತ್ತದೆ. ಆಮೇಲೆ ಅದು ಎಲ್ಲ ಊರಿನ ಮಕ್ಕಳ ಹಾಗೆಯೇ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿರುವುದೇ ತೊಂದರೆ. ಎತ್ತರಕ್ಕೆ ಹೋದ ಕೂಸು ಮುಂದೆ ದೊಡ್ಡ ಮನುಷ್ಯನಾಗುತ್ತದೆ ಎಂದು ಯಾರು ಯಾವಾಗ ಹೇಳಿದರೋ, ಅಂದಿನಿಂದ ಅನುಕೂಲಸ್ಥರ ಮನೆಗಳಲ್ಲಿ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಾರೆ, ಅದು ಭಾರವಂತೆ. ಬದಲಿಗೆ ನಾಲಿಗೆಗೆ ಜೇನುತುಪ್ಪ ಸವರುತ್ತಾರೆ, ಅದು ಹಗುರವಂತೆ. ಕೂಲಿಗೆ ಹೋಗುವ ಹೆಂಗಸರಿಗೆ ಆ ಪುರುಸೊತ್ತಿಲ್ಲ. ಅವರು ಕೂಸಿಗೆ ಹೊಟ್ಟೆ ತುಂಬ ಕುಡಿಸಿ, ಇಳಿಸಿ, ಸೊಂಟಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಹಗಲೆಲ್ಲ ಕುಡಿದು ಬಿದ್ದಿರುವ ಮೂವರೂ ಹುಟ್ಟಿದಾಗ ಛಾವಣಿ ಮುಟ್ಟಿದವರೇ. ಅದನ್ನು ಯಾರಿಗಾದರೂ ನೆನಪಿಸಿದರೆ, "ಅವ್ರ ಹಣೇಬರಹ ಸಿಸ್ಟರ್, ಇಲ್ದಿದ್ರೆ ಎಲ್ಲಿರ್ತಿದ್ರೋ" ಎನ್ನುತ್ತಾರೆ.

ಪುರಸಭೆಯ ಅಧ್ಯಕ್ಷ ರುದ್ರಸ್ವಾಮಿಯವರೂ ಛಾವಣಿ ಮುಟ್ಟಿದವರು. ಅವರ ಮನೆಯ ನಡುಮನೆಯ ಜಂತಿಯ ಮೇಲೆ ಒಂದು ಕಲೆ ಇದೆ. ಬಂದವರಿಗೆಲ್ಲ ಕಾಫಿಗೆ ಮೊದಲು ಅದನ್ನು ತೋರಿಸುತ್ತಾರೆ. ಹೆಂಚಿನಿಂದ ನೀರು ಸೋರಿದ ಕಲೆಯಂತೆಯೇ ಕಾಣುತ್ತದೆ, ಆದರೆ ಹಾಗೆ ಹೇಳಿದವರು ಯಾರೂ ಇಲ್ಲ. ನಾನೂ ಹೇಳಿಲ್ಲ.

ಅವರ ಸೊಸೆ ಚಂದ್ರಕಲಾ ಬಸುರಿಯಾದಾಗ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಲಿಲ್ಲ. ತವರಿನವರು ಬುತ್ತಿ ಕಟ್ಟಿಕೊಂಡು ಕರೆಯಲು ಬಂದಾಗ ಅಧ್ಯಕ್ಷರ ಹೆಂಡತಿ ಗಿರಿಜಾಂಬ ಬಾಗಿಲಲ್ಲೇ ನಿಂತು, "ನಿಮ್ಮನೆ ಮಾಡು ಕೈ ಎತ್ತಿದ್ರೆ ಸಿಗುತ್ತೆ. ಹುಟ್ಟೋ ಕೂಸು ಎಲ್ಲಿಗೆ ಅಂತ ಹೋಗ್ಬೇಕು?" ಎಂದು ಕೇಳಿದರಂತೆ. ಬುತ್ತಿಯನ್ನು ಮಾತ್ರ ಇಸಿದುಕೊಂಡರಂತೆ.

ಹೆರಿಗೆ ಆಸ್ಪತ್ರೆಯಲ್ಲೇ ಆಯಿತು, ಸಲೀಸಾಗಿ. ಕೂಸು ಹುಟ್ಟಿದ ತಕ್ಷಣ ಚೆನ್ನಾಗಿ ಅತ್ತಿತು. ಮೈಬಣ್ಣ, ಉಸಿರು, ಕೈಕಾಲಿನ ಆಟ ಎಲ್ಲ ಸರಿ. ಹೆಣ್ಣು ಎಂದು ಹೇಳಲು ನಾನು ಹೊರಗೆ ಬಂದಾಗ ರುದ್ರಸ್ವಾಮಿಯವರ ಮುಖ ಸ್ವಲ್ಪ ಸಣ್ಣದಾಯಿತು. ಅಷ್ಟರಲ್ಲಿ ಒಳಗಿನಿಂದ ಆಯಾ ಕೂಗಿದಳು. ಹೋಗಿ ನೋಡಿದರೆ, ಒರೆಸುವುದಕ್ಕೆ ಎತ್ತಿಕೊಂಡ ಕೂಸು ಅವಳ ಕೈಯಿಂದ ಜಾರಿ ನೇರ ಛಾವಣಿಗೆ ಹೋಗಿ ಮೆತ್ತೆಗೆ ಬೆನ್ನು ಹಚ್ಚಿಕೊಂಡು ಮಲಗಿತ್ತು. ನಾನು ಸ್ಟೂಲು ಹತ್ತಿ ಇಳಿಸುವಷ್ಟರಲ್ಲಿ ಅಧ್ಯಕ್ಷರು ಬಾಗಿಲಲ್ಲಿ ನಿಂತು ನೋಡಿಬಿಟ್ಟಿದ್ದರು.

"ನಾನೂ ಇಷ್ಟು ಬೇಗ ಹೋಗಿರ್ಲಿಲ್ಲ," ಎಂದರು. ಹುಟ್ಟಿದ್ದು ಹೆಣ್ಣೆಂಬ ಬೇಸರ ಆ ಕ್ಷಣದಲ್ಲೇ ತೀರಿತು.

ಚಂದ್ರಕಲಾ ಇಪ್ಪತ್ತೆರಡರ ಹುಡುಗಿ. ಹೆಚ್ಚು ಮಾತಿಲ್ಲ. ನಾನು ಕೂಸನ್ನು ಅವಳ ಎದೆಗೆ ಹಾಕಿ ಹಾಲು ಹಿಡಿಸಿದೆ. ಕೂಸು ಗಬಕ್ಕನೆ ಬಾಯಿ ಹಾಕಿ, ಕಣ್ಣು ಮುಚ್ಚಿ, ಕೆಲಸಕ್ಕೆ ಕೂತ ಅಕ್ಕಸಾಲಿಯಷ್ಟು ಗಂಭೀರವಾಗಿ ಚೀಪತೊಡಗಿತು. ಗಿರಿಜಾಂಬ ಬಂದವರೇ, "ಸಾಕು, ಸಾಕು, ಈಗ್ಲೇ ಭಾರ ಆಗ್ಬಿಡುತ್ತೆ" ಎಂದು ಬಿಡಿಸಿದರು. ಅದೇ ಸಂಜೆ ಕರೆದುಕೊಂಡು ಹೋದರು. ಜೊತೆಗೆ ನನ್ನನ್ನೂ. ಅಧ್ಯಕ್ಷರು ಡಾಕ್ಟರ್ ಸುಧೀಂದ್ರ ಅವರಿಗೆ ಹೇಳಿದ್ದರು, ನಾಮಕರಣದವರೆಗೆ ಪಂಕಜಾಕ್ಷಿ ಸಿಸ್ಟರ್ ನಮ್ಮ ಮನೆಯಲ್ಲಿರಲಿ ಎಂದು. ಡಾಕ್ಟರು ನನ್ನನ್ನು ಕೇಳಲಿಲ್ಲ.

ಅಧ್ಯಕ್ಷರ ಯೋಚನೆ ಮಾರನೆಯ ದಿನ ತಿಳಿಯಿತು. ನಾಮಕರಣ ಮನೆಯಲ್ಲಲ್ಲ, ಪುರಸಭೆಯ ಮೈದಾನದಲ್ಲಿ. ಸಚಿವರು ಬರುತ್ತಾರೆ. ಶಾಮಿಯಾನದ ನಡುವೆ ಒಂದು ಕಿಂಡಿ ಬಿಡಲಾಗುತ್ತದೆ. ಕೂಸಿಗೆ ಉದ್ದನೆಯ ರೇಷ್ಮೆ ದಾರ ಕಟ್ಟಿ, ಹೆಸರು ಕೂಗುವ ಹೊತ್ತಿಗೆ ಅಧ್ಯಕ್ಷರು ಕೈ ಬಿಡುತ್ತಾರೆ, ಮೊಮ್ಮಗಳು ನೀರಿನ ಟ್ಯಾಂಕಿಗಿಂತ ಮೇಲೆ ಹೋಗುತ್ತಾಳೆ. ಹೆಸರನ್ನು ಆಗಲೇ ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದರು: ಗಗನಶ್ರೀ. ಚುನಾವಣೆ ಹತ್ತಿರವಿತ್ತು.

ಅಲ್ಲಿಯವರೆಗೆ ಕೂಸು ಹಗುರವಾಗಿರಬೇಕಲ್ಲ. ಆದ್ದರಿಂದ ಕೂಸನ್ನು ನಡುಮನೆಯ ಕಂಬಕ್ಕೆ ದಾರ ಕಟ್ಟಿ ಮೇಲೆ ಬಿಟ್ಟರು. ಬಾಣಂತಿಯನ್ನು ಹಿಂದಿನ ಕತ್ತಲೆಕೋಣೆಯಲ್ಲಿ ಇಟ್ಟರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಗಿರಿಜಾಂಬ ಎದುರಿಗೆ ಕೂತಿದ್ದಾಗ ಎರಡು ಗುಟುಕು. ಅತ್ತರೆ ಜೇನು. ಜನ ಸಾಲಾಗಿ ಬಂದು ಕತ್ತೆತ್ತಿ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಒಬ್ಬ ಮೇಷ್ಟರು ಕೂಸನ್ನು ನೋಡಿ, "ಎಷ್ಟು ಶಾಂತವಾಗಿದೆ, ಅಳೋದೇ ಇಲ್ಲ, ಯೋಗಿ" ಎಂದರು. ಯೋಗಿಯಲ್ಲ, ಅಳಲು ತ್ರಾಣವಿರಲಿಲ್ಲ.

ನಾನು ದಾರ ಎಳೆದು ಇಳಿಸಿ ನೋಡಿದೆ. ತುಟಿ ಒಣಗಿತ್ತು. ಕಟ್ಟಿದ ಬಟ್ಟೆ ಬೆಳಿಗ್ಗೆಯಿಂದ ಒದ್ದೆಯಾಗಿರಲಿಲ್ಲ. ಕಣ್ಣಿನ ಬಿಳಿಗೆ ಹಳದಿ ತಿರುಗುತ್ತಿತ್ತು. ಅಂಗಾಲಿಗೆ ಚಿವುಟಿದರೆ ಮುಖ ಸಿಂಡರಿಸಿ ಮತ್ತೆ ಮಲಗುತ್ತಿತ್ತು. ಗಟ್ಟಿಮುಟ್ಟಾಗಿ ಹುಟ್ಟಿದ ಕೂಸನ್ನು ಮನೆಮಂದಿಯೆಲ್ಲ ಸೇರಿ, ಅಕ್ಕರೆಯಿಂದ, ರೋಗಿ ಮಾಡುತ್ತಿದ್ದರು.

ಡಾಕ್ಟರ್ ಸುಧೀಂದ್ರರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಹಾಲು ಕೊಡ್ಬೇಕು ಪಂಕಜಾಕ್ಷಿ, ಅದ್ರಲ್ಲಿ ಎರಡು ಮಾತಿಲ್ಲ. ನೀವೇ ಸ್ವಲ್ಪ ನಯವಾಗಿ ಹೇಳಿ," ಎಂದರು.

"ನೀವೇ ಬಂದು ಒಂದ್ ಮಾತು ಹೇಳಿ ಸಾರ್. ನಿಮ್ಮ ಮಾತು ಕೇಳ್ತಾರೆ."

"ನಾನು ಆವತ್ತು ವೇದಿಕೆ ಮೇಲೆ ಇದೀನಲ್ಲ," ಎಂದರು. ಅದು ಹೇಗೆ ಉತ್ತರವಾಯಿತೆಂದು ನನಗೆ ಈಗಲೂ ತಿಳಿದಿಲ್ಲ.

ಗಿರಿಜಾಂಬ ಪೂಜೆ ಮುಗಿಸಿ ಬರುವುದನ್ನು ಕಾದು, ಹೇಳಿದೆ. "ಅಮ್ಮಾವ್ರೆ, ಕೂಸು ಒಣಗ್ತಾ ಇದೆ. ಹೀಗೇ ಬಿಟ್ರೆ ಉಳಿಯಲ್ಲ."

ಅವರು ನನ್ನ ಮುಖ ನೋಡಲಿಲ್ಲ. ಮೇಲೆ ಕೂಸನ್ನೂ ನೋಡಲಿಲ್ಲ. ಆ ಮನೆಗೆ ಬಂದವರೆಲ್ಲ ಕತ್ತೆತ್ತುತ್ತಿದ್ದರು, ಅವರೊಬ್ಬರು ಮಾತ್ರ ಯಾವತ್ತೂ ಎತ್ತಿದ್ದನ್ನು ನಾನು ಕಾಣಲಿಲ್ಲ. "ಈ ಮನೇಲಿ ಹಿಂಗೇ ನಡ್ಕೊಂಡು ಬಂದಿರೋದು ಸಿಸ್ಟರ್," ಎಂದು ಆರತಿ ತಟ್ಟೆ ಹಿಡಿದು ಒಳಗೆ ಹೋದರು.

ಕತ್ತಲೆಕೋಣೆಯಲ್ಲಿ ಚಂದ್ರಕಲಾಳ ಎದೆ ಕಲ್ಲಾಗಿತ್ತು. ರವಿಕೆ, ಸೀರೆ, ಹಾಸಿಗೆ ಎಲ್ಲ ಹಾಲಿನಲ್ಲಿ ತೊಯ್ದಿದ್ದವು. ನಾನು ಬಿಸಿನೀರಿನ ಬಟ್ಟೆ ಒತ್ತಿ ಹಿಂಡಿಕೊಡುತ್ತಿದ್ದೆ. ಹಿಂಡಿದ್ದನ್ನು ಬಟ್ಟಲಲ್ಲಿ ಕೂಸಿಗೆ ಒಯ್ಯುವಾಗ ಗಿರಿಜಾಂಬ ಅಡ್ಡ ಬಂದು ಇಸಿದುಕೊಂಡು ಗಿಡದ ಬುಡಕ್ಕೆ ಚೆಲ್ಲಿದರು. ಅದನ್ನು ಚಂದ್ರಕಲಾ ಬಾಗಿಲ ಸಂದಿಯಿಂದ ನೋಡಿದಳು. ಅಳಲಿಲ್ಲ. ಅವಳ ಗಂಡ ನಟೇಶ ಬಂದು ಬಾಗಿಲಲ್ಲಿ ನಿಂತಾಗ, "ಒಂದ್ ಮಾತು ಮಾವನ ಹತ್ರ ಆಡ್ತೀರಾ?" ಎಂದು ಕೇಳಿದಳು. ಅವನು ಮೊಬೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, "ಇನ್ನೇನು ನಾಮಕರಣ ಬಂದೇಬಿಡ್ತಲ್ಲ," ಎಂದ.

"ಸಿಸ್ಟರ್, ಮಗು ಮೇಲಿದ್ರೆ ಸಾಕು ಅಲ್ವಾ ಇವರಿಗೆ?" ಎಂದು ಅವನು ಹೋದ ಮೇಲೆ ನನ್ನನ್ನು ಕೇಳಿದಳು.

"ಅಷ್ಟೇ ಬೇಕಾಗಿರೋದು," ಎಂದೆ.

ಮನೆಗೆ ಸುಣ್ಣ ಹೊಡೆಯುವವರು ಬಂದು ಊಟಕ್ಕೆ ಹೋಗಿದ್ದರು. ಅವರ ಬಿದಿರಿನ ಏಣಿ ನಡುಮನೆಯ ಅಟ್ಟಕ್ಕೆ ಒರಗಿಕೊಂಡಿತ್ತು. ಹಳೆಯ ಹಂಡೆ, ಕೊಪ್ಪರಿಗೆ, ಹಗ್ಗ ಇಡುವ ದೊಡ್ಡ ಅಟ್ಟ; ಛಾವಣಿಗೆ ತಾಗಿದಂತೆ, ಅಂಚಿಗೆ ಮರದ ಕಟಾಂಜನದ ತಡೆ ಇರುವಂಥದ್ದು. ಚಂದ್ರಕಲಾ ಕತ್ತಲೆಕೋಣೆಯಿಂದ ಹೊರಗೆ ಬಂದಳು. ತಲೆಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು, ಏಣಿಯ ಮೇಲೆ ಕಾಲಿಟ್ಟಳು. ಹೊಲಿಗೆ ಹಾಕಿದ ಹಸಿ ಬಾಣಂತಿ. ಬೇಡ ಎನ್ನುವ ಬದಲು ನಾನು ಏಣಿಯ ಬುಡ ಹಿಡಿದುಕೊಂಡೆ. ನಿಲ್ಲುತ್ತ, ಹಲ್ಲು ಕಚ್ಚುತ್ತ ಹತ್ತಿದಳು. ಅಟ್ಟ ಸೇರಿ, ಕಟಾಂಜನದಿಂದ ಕೈ ಚಾಚಿ, ರೇಷ್ಮೆ ದಾರ ಎಳೆದು ಕೂಸನ್ನು ತಬ್ಬಿಕೊಂಡಳು. ಕುಪ್ಪಸ ಬಿಚ್ಚಿ ಎದೆಗೆ ಹಚ್ಚಿಕೊಂಡು, ಸೆರಗು ಹೊದಿಸಿದಳು. ಕೂಸು ಮೊದಲು ಬಾಯಿ ತೆರೆಯಲಿಲ್ಲ. ಅವಳು ತುಟಿಯ ಮೇಲೆ ಹಾಲಿನ ಹನಿ ಬಿಟ್ಟು, ಕೆನ್ನೆ ಸವರಿ, ಮತ್ತೆ ಹನಿ ಬಿಟ್ಟು, ಹೀಗೇ ಬಹಳ ಹೊತ್ತು ಮಾಡಿದಳು. ಕೆಳಗೆ ನಿಂತ ನನಗೆ ಕೊನೆಗೂ ನುಂಗುವ ಸದ್ದು ಕೇಳಿಸಿತು. ಆಮೇಲೆ ಅವಳು ಏಣಿಯನ್ನು ಮೇಲಕ್ಕೆ ಎಳೆದುಕೊಂಡಳು.

ರುದ್ರಸ್ವಾಮಿಯವರು ಬಂದಾಗ ಸೊಸೆ ಅಟ್ಟದಲ್ಲಿ ಕೂತು ಕಾಲು ನೀಡಿಕೊಂಡಿದ್ದಳು.

"ಇಳಿಯಮ್ಮ ಕೆಳಗೆ. ಇದೇನಿದು?"

"ಮಗು ಮೇಲೇ ಇದೆಯಲ್ಲ ಮಾವ," ಎಂದಳು ಚಂದ್ರಕಲಾ. "ನೀವು ಇಟ್ಟಿದ್ದಕ್ಕಿಂತ ಒಂದು ಗೇಣೂ ಕೆಳಗಿಲ್ಲ. ನಾನೂ ಇಲ್ಲೇ ಇರ್ತೀನಿ."

ಅಧ್ಯಕ್ಷರು ನಟೇಶನನ್ನು ಕರೆದರು, ಪುರಸಭೆಯ ದೊಡ್ಡ ಏಣಿ ತರಿಸು ಎಂದರು. ನಟೇಶ ಮೊಬೈಲ್ ತೆಗೆದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಿರಿಜಾಂಬ, "ಯಾವ ಏಣೀನೂ ಬೇಡ," ಎಂದರು.

"ಏನಂದೆ?"

"ಏಣಿ ಬೇಡ ಅಂದೆ."

"ಈಗ ಜನ ಬರೋ ಹೊತ್ತು. ನೋಡಿದ್ರೆ ಏನಂತಾರೆ?"

"ಜನ ಏನಾದ್ರೂ ಅಂತಾರೆ. ನಮ್ಮ ಮೊದಲ್ನೇದಕ್ಕೂ ಅಂದ್ರಲ್ಲ." ಅವರ ದನಿ ಏರಲಿಲ್ಲ, ಉಪ್ಪು ಮುಗಿದಿದೆ ಎಂದು ಹೇಳುವ ದನಿ. "ಇವನಿಗಿಂತ ಮುಂಚೆ ಹುಟ್ಟಿದ ಗಂಡುಕೂಸು ಇದಕ್ಕಿಂತಲೂ ಮೇಲೆ ಹೋಗಿತ್ತು. ಇಳೀಲೇ ಇಲ್ಲ. ನಿಮ್ಮ ಅಮ್ಮ ದಾರ ಎಳೆದು ನೋಡಿದಾಗ ತಣ್ಣಗಾಗಿತ್ತು. ಪುಣ್ಯವಂತ ಕೂಸು, ಬಂದ ಕಡೆಗೇ ಹೋಯ್ತು ಅಂತ ಜನ ಅಂದ್ರು, ನೀವೂ ಹೌದು ಅಂದ್ರಿ. ನಾನು ಆ ಕತ್ತಲೆಕೋಣೇಲಿ ಎದೆಗೆ ಬಟ್ಟೆ ಬಿಗಿದ್ಕೊಂಡು ಕೂತಿದ್ದೆ."

ನಟೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ತನಗೊಬ್ಬ ಅಣ್ಣನಿದ್ದನೆಂದು ಅವನಿಗೆ ಗೊತ್ತಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ಗಿರಿಜಾಂಬ ಆಗ ಕತ್ತೆತ್ತಿ ಅಟ್ಟವನ್ನು ನೋಡಿದರು. ಬಹಳ ಹೊತ್ತು ನೋಡಿ, "ಮೆಣಸಿನ ಸಾರು ಮಾಡಿದೀನಿ ಚಂದ್ರಾ. ಹಗ್ಗ ಇಳಿಬಿಡು," ಎಂದರು.

ರುದ್ರಸ್ವಾಮಿಯವರು ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಜಗಲಿಯ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು. ಮೂರು ವಾರ್ಡಿನ ಸದಸ್ಯರು ಹೆಂಡಂದಿರ ಸಮೇತ ಬಂದರು. ಬಂದವರು ಕತ್ತೆತ್ತಿದರು. ಅಟ್ಟದಲ್ಲಿ ಬಾಣಂತಿಯನ್ನು ಕಂಡು ಬಾಯಿ ಬಿಟ್ಟರು. ಅಧ್ಯಕ್ಷರಿಗೆ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸಾಕಾಯಿತು.

"ನಮ್ಮನೇಲಿ ಬರೀ ಕೂಸಲ್ಲ," ಎಂದರು. "ಸೊಸೇನೂ ಮೇಲೇನೇ."

ಸದಸ್ಯರು ತಲೆದೂಗಿದರು. ಒಬ್ಬರ ಹೆಂಡತಿ ತಕ್ಷಣ ಗಂಡನ ಕಿವಿಯಲ್ಲಿ, ನಮ್ಮ ಮನೆಗೂ ಒಂದು ಅಟ್ಟ ಕಟ್ಟಿಸಿ ಎಂದದ್ದು ನನಗೆ ಕೇಳಿಸಿತು.

ನಾಮಕರಣದವರೆಗೆ ತಾಯಿ ಮಗಳು ಅಟ್ಟದಲ್ಲೇ ಇದ್ದರು. ಏಣಿ ಇಳಿಯುತ್ತಿದ್ದದ್ದು ನನಗೊಬ್ಬಳಿಗೆ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬಿಸಿ ಅನ್ನ, ತುಪ್ಪ, ಬಿಸಿನೀರು, ಒಗೆದು ಒಣಗಿಸಿದ ಬಟ್ಟೆ ಎಲ್ಲ ಮೇಲೆ ಹೋಗುತ್ತಿತ್ತು. ಬಕೆಟ್ಟು ಕೆಳಗೆ ಬರುತ್ತಿತ್ತು. ಒದ್ದೆ ಬಟ್ಟೆಗಳ ಗಂಟು ಮೊದಲ ಸಲ ಇಳಿದಾಗ ಗಿರಿಜಾಂಬ ಅದನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಒಗೆದರು. ಕೂಸಿನ ಕಣ್ಣಿನ ಹಳದಿ ತೆಳುವಾಯಿತು. ಗಂಟಲಿಗೆ ದನಿ ಬಂತು, ಹಸಿದಾಗ ಇಡೀ ಬೀದಿಗೆ ಕೇಳುವಂತೆ ಕಿರುಚತೊಡಗಿತು. ಹೊಕ್ಕುಳಬಳ್ಳಿ ಒಣಗಿ ತಾನಾಗಿ ಉದುರಿತು. ಕೂಸು ಈಗ ತಾಯಿಯ ತೊಡೆಯ ಮೇಲೆ, ಹಸಿಮಣ್ಣಿನ ಮುದ್ದೆಯ ಹಾಗೆ ಮಲಗುತ್ತಿತ್ತು. ಕಾಲಿನ ದಾರ ಬರಿಯ ಅಲಂಕಾರ. ಜನ ಬರುತ್ತಲೇ ಇದ್ದರು, ಕತ್ತೆತ್ತಿ ನೋಡಿ ಬೆರಗಾಗುತ್ತಲೇ ಇದ್ದರು. ಕೂಸು ಗಾಳಿಯಲ್ಲಿದೆಯೋ ಮಡಿಲಲ್ಲಿದೆಯೋ ಎಂದು ನೋಡಿದವರು ಒಬ್ಬರೂ ಇಲ್ಲ. ಎತ್ತರದಲ್ಲಿದೆ ಎಂದ ಮೇಲೆ ಮುಗಿಯಿತು. ಅಧ್ಯಕ್ಷರೂ ನೋಡಲಿಲ್ಲ. ಅವರು ಬಂದವರ ಮುಖ ನೋಡುತ್ತಿದ್ದರು.

ಮೈದಾನದಲ್ಲಿ ವಾಲಗ, ಬ್ಯಾಂಡು ಎರಡೂ ಇದ್ದವು. ಡಾಕ್ಟರ್ ಸುಧೀಂದ್ರ ಹೊಸ ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಎರಡನೆಯ ಸಾಲಿನಲ್ಲಿ ಕೂತಿದ್ದರು. ಸಚಿವರು ಬಂದು ಹಾರ ಹಾಕಿಸಿಕೊಂಡು, ಶಾಮಿಯಾನದ ಕಿಂಡಿಯನ್ನೂ ಆಮೇಲೆ ಕೈಗಡಿಯಾರವನ್ನೂ ನೋಡಿದರು. ಚಂದ್ರಕಲಾ ಕೂಸನ್ನು ಎತ್ತಿಕೊಂಡು ಬಂದಳು. ಹೊರಡುವ ಮುಂಚೆ ಎರಡೂ ಕಡೆ ಹೊಟ್ಟೆ ತುಂಬ ಕುಡಿಸಿದ್ದಳು. ಅವಳ ಹಿಂದೆ ಗಿರಿಜಾಂಬ, ಅವರ ಹಿಂದೆ ನಾನು. ಇಬ್ಬರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೈಗಳನ್ನು ಖಾಲಿ ಇಟ್ಟುಕೊಂಡಿದ್ದೆವು. ಯಾಕೆಂದು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ರುದ್ರಸ್ವಾಮಿಯವರು ಮೈಕಿನ ಮುಂದೆ ಎರಡು ಕೈ ಚಾಚಿದರು. ಚಂದ್ರಕಲಾ ಕೂಸನ್ನು ಇಟ್ಟಳು. ಅವರ ಕೈ ಒಂದು ಚೂರು ಕೆಳಗೆ ಹೋಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ತಮ್ಮ ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಿದ್ದರು. ಅವಳಿಗೊಂದು ತೂಕವಿದೆಯೆಂದು ಅವರಿಗೆ ತಿಳಿದದ್ದು ಆಗಲೇ. ಸಾವಿರ ಕತ್ತುಗಳು ಆಗಲೇ ಆಕಾಶದ ಕಡೆಗೆ ತಿರುಗಿದ್ದವು. ಬ್ಯಾಂಡಿನವನು ಡ್ರಮ್ಮನ್ನು ಸಣ್ಣಗೆ ಬಾರಿಸುತ್ತಿದ್ದ. ಗಿರಿಜಾಂಬ ಎರಡು ಹೆಜ್ಜೆ ಮುಂದೆ ಬಂದು, ಅವರ ಕೈಗಳ ಕೆಳಗೆ ತಮ್ಮ ಕೈ ಒಡ್ಡಿ ನಿಂತರು. "ಬಿಡ್ಬೇಡಿ," ಎಂದರು. ಅದು ಮೈಕಿಗೆ ಬೀಳಲಿಲ್ಲ.

ಅವರು ಬಿಡಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಬಂಧುಗಳೇ," ಎಂದರು, "ಮೇಲಕ್ಕೆ ಎಲ್ಲರೂ ಹೋಗ್ತಾರೆ. ಅದ್ರಲ್ಲೇನಿದೆ ದೊಡ್ಡಸ್ತಿಕೆ? ನಮ್ಮ ಮೊಮ್ಮಗಳು ನಿಮ್ಮ ಮಧ್ಯೆ ಇರೋದಕ್ಕೆ ಇಳಿದು ಬಂದವಳು. ಈಕೆ ಗಗನಶ್ರೀ ಅಲ್ಲ. ಈಕೆ ಧರಣಿ."

ಚಪ್ಪಾಳೆ ಬಿತ್ತು. ಕತ್ತುಗಳು ಇಳಿದವು. ಸಚಿವರು ತಮ್ಮ ಭಾಷಣದಲ್ಲಿ, ನೆಲಕ್ಕೆ ಅಂಟಿಕೊಂಡ ಇಂಥ ಮಕ್ಕಳೇ ನಾಡಿನ ಆಸ್ತಿ ಎಂದರು. ಡಾಕ್ಟರ್ ಸುಧೀಂದ್ರ ಮೈಕಿಗೆ ಬಂದು, ಎದೆಹಾಲಿನ ಮಹತ್ವವನ್ನು ತಾವು ಈ ಮನೆತನಕ್ಕೆ ಮೊದಲಿನಿಂದಲೂ ಹೇಳುತ್ತ ಬಂದದ್ದನ್ನು ನೆನೆದುಕೊಂಡರು.

ಅಲ್ಲಿಗೆ ನಮ್ಮೂರಿಗೆ ಬುದ್ಧಿ ಬಂತು ಎಂದುಕೊಂಡು ನಾನು ವಾರ್ಡಿಗೆ ಮರಳಿದೆ. ಬುದ್ಧಿಯೇನೋ ಬಂದಿತ್ತು, ತಲೆಕೆಳಗಾಗಿ. ಈಗ ಊರಿನಲ್ಲಿ ಯಾರ ಕೂಸು ಹೆಚ್ಚು ಭಾರ ಎಂಬುದೇ ಮಾತು. ಮಲಗಿದ ಕೂಸನ್ನು ಎಬ್ಬಿಸಿ ಕುಡಿಸುತ್ತಾರೆ. ಕುಡಿದು ಕಕ್ಕಿದ್ದಕ್ಕೆ ಮತ್ತೆ ಕುಡಿಸುತ್ತಾರೆ. ಎದೆಹಾಲು ತೆಳ್ಳಗಿದೆ ಎಂದು ಎಮ್ಮೆಹಾಲು, ಡಬ್ಬಿ ಪುಡಿ, ರಾಗಿ ಗಂಜಿ ತಂದು ಒಳಲೆಯಲ್ಲಿ ಬಾಯಿಗೆ ಹುಯ್ಯುತ್ತಾರೆ. ಹಗುರವೇ ಹಿರಿಮೆಯಾಗಿದ್ದಾಗ ವಾರ್ಡಿಗೆ ಹಸಿವಿನಿಂದ ಸುಸ್ತಾದ ಕೂಸುಗಳು ಬರುತ್ತಿದ್ದವು, ಈಗ ಹೊಟ್ಟೆ ಉಬ್ಬರಿಸಿಕೊಂಡು ಬರುತ್ತವೆ. ನಾನು ಹೇಳುವುದು ಅದೇ ಮಾತು: ಅದು ಕೇಳಿದಾಗ ಕೊಡಿ, ಸಾಕೆಂದು ಮುಖ ತಿರುಗಿಸಿದಾಗ ಬಿಡಿ. ಇಷ್ಟು ಸುಲಭದ ಮಾತನ್ನು ಯಾರು ನಂಬುತ್ತಾರೆ?

ಚುನಾವಣೆಗೆ ಮುಂಚೆ ಪುರಸಭೆಯ ವತಿಯಿಂದ ಅತಿ ಭಾರದ ಕೂಸಿನ ಸ್ಪರ್ಧೆ ಏರ್ಪಾಡಾಯಿತು. ಡಾಕ್ಟರ್ ಸುಧೀಂದ್ರ ತೀರ್ಪುಗಾರರು. ರುದ್ರಸ್ವಾಮಿಯವರು ಬೆಳ್ಳಿಯ ಕಪ್ಪು ಮಾಡಿಸಿದ್ದರು. ಅದು ಯಾರ ಮನೆಗೆ ಬರುತ್ತದೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಧರಣಿಯನ್ನು ಕರೆತರಲು ಕಾರು ಕಳಿಸಿದರು. ಕೂಸು ಆಗತಾನೆ ಕುಡಿದು ಮಲಗಿತ್ತಂತೆ. ಚಂದ್ರಕಲಾ ಎಬ್ಬಿಸುವುದಿಲ್ಲ ಎಂದಳಂತೆ. ಡ್ರೈವರು, ಬರಿಗೈಯಲ್ಲಿ ಹೋದರೆ ಸಾಹೇಬರು ಬಯ್ಯುತ್ತಾರೆಂದು ಬಾಗಿಲಲ್ಲೇ ಗೋಗರೆದನಂತೆ. ಗಿರಿಜಾಂಬ ಒಳಗೆ ಹೋಗಿ, ಕುಲಾವಿ ಹಾಕಿ, ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಗಂಟನ್ನು ತಂದು ಅವನ ಕೈಗಿಟ್ಟು, "ಮುಖ ತೆರೀಬೇಡಪ್ಪ, ದೃಷ್ಟಿ ಆಗುತ್ತೆ," ಎಂದು ಕಳಿಸಿದರಂತೆ.

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಅಧ್ಯಕ್ಷರ ಮನೆಯ ಕೂಸು ಎಂದೊಡನೆ ಜನ ದಾರಿ ಬಿಟ್ಟರು. ಡ್ರೈವರು ಅದನ್ನು ಎರಡು ಕೈಯಲ್ಲಿ ಅವುಚಿಕೊಂಡು, ಬೆವರುತ್ತ ಬಂದು ತಕ್ಕಡಿಯಲ್ಲಿಟ್ಟ. ಡಾಕ್ಟರ್ ಸುಧೀಂದ್ರ ಮುಳ್ಳು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು, ಆಮೇಲೆ ಮೈಕಿನಲ್ಲಿ ತೂಕ ಓದಿದರು. ಮೈದಾನವೆಲ್ಲ ಚಪ್ಪಾಳೆ. ಉಳಿದ ತಾಯಂದಿರು ತಮ್ಮ ತಮ್ಮ ಕೂಸುಗಳನ್ನು ಸಿಟ್ಟಿನಿಂದ ನೋಡಿಕೊಂಡರು. ಬಹುಮಾನವನ್ನು ಘೋಷಿಸಿ, ಫೋಟೋದವನನ್ನು ಹತ್ತಿರ ಕರೆದು, ರುದ್ರಸ್ವಾಮಿಯವರು ಮೊಮ್ಮಗಳ ಮುಖದ ಮೇಲಿನ ವಸ್ತ್ರ ಸರಿಸಿದರು. ಒಳಗೆ, ಕುಲಾವಿ ಹಾಕಿಕೊಂಡು, ಹಣೆಗೆ ಕಪ್ಪು ಬೊಟ್ಟು ಇಡಿಸಿಕೊಂಡು, ಅವರ ಅಡುಗೆಮನೆಯ ಗುಂಡುಕಲ್ಲು ಮಲಗಿತ್ತು.

ಅವರು ವಸ್ತ್ರವನ್ನು ಮತ್ತೆ ಮುಚ್ಚಿದರು. ಬೆಳ್ಳಿಯ ಕಪ್ಪನ್ನು ಪಕ್ಕದಲ್ಲಿಟ್ಟು, ಫೋಟೋಕ್ಕೆ ನಿಂತರು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಒಬ್ಬಳು ಅಜ್ಜಿ, ಹಿಂದಿನ ದಿನ ಹುಟ್ಟಿದ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಹತ್ತಿರ ಕರೆದಳು. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಸಿಸ್ಟರಮ್ಮ, ನೀವು ಅಧ್ಯಕ್ಷರ ಮನೇಲಿ ಇದ್ದೋರಲ್ವಾ? ಆ ಕೂಸಿಗೆ ಏನು ಕುಡಿಸ್ತಾರೆ?"